ಉಚಿತ ಟಿಕೇಟು, ಹತ್ತಲಾಗದ ಮೆಟ್ಟಿಲು

2023ರ ಮೇ ತಿಂಗಳಲ್ಲಿ ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಆಡಳಿತಯಂತ್ರ ತನ್ನ ಸಾಮರ್ಥ್ಯ ಎಷ್ಟೆಂಬುದನ್ನು ತಾನೇ ತೋರಿಸಿಕೊಟ್ಟಿತು. 80 ವರ್ಷ ದಾಟಿದ ಹಿರಿಯರೂ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರೂ 12ಡಿ ನಮೂನೆಯಲ್ಲಿ ಕೇಳಿಕೊಂಡರೆ ಮನೆಯಲ್ಲಿ ಕುಳಿತೇ ಮತ ಹಾಕಬಹುದಾಗಿತ್ತು. ಮತಗಟ್ಟೆಯ ಅಧಿಕಾರಿಗಳು, ಪೊಲೀಸರು, ವಿಡಿಯೋ ಚಿತ್ರಿಸುವವರು ಒಂದು ತಂಡವಾಗಿ, ಪಟ್ಟಿ ಹಿಡಿದು, ಮನೆ ಹುಡುಕಿಕೊಂಡು ಹೋದರು. ಮತಗಟ್ಟೆಗೇ ಬರುತ್ತೇವೆ ಎಂದ ಅಂಗವಿಕಲರಿಗೆ ಗಾಲಿಕುರ್ಚಿ, ಇಳಿಜಾರು ಹಾದಿ, ಕರೆತರುವ ವಾಹನಗಳ ಏರ್ಪಾಡೂ ಇತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ವಯಸ್ಸಿನ ಮಿತಿ 85ಕ್ಕೆ ಏರಿತಾದರೂ ಮನೆಯಿಂದ ಮತದಾನದ ಈ ಸೌಲಭ್ಯ ದೇಶದಾದ್ಯಂತ ದೊರೆಯಿತು.

ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಪ್ರಜಾಪ್ರಭುತ್ವದಲ್ಲಿ ಇದು ಹೆಮ್ಮೆಪಡಬೇಕಾದ ಕೆಲಸವೇ. ನನ್ನ ತಕರಾರು ಇರುವುದು ಚುನಾವಣೆ ಮುಗಿದ ಮರುದಿನದ ಬಗ್ಗೆ. ಐದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಈ ಅಜ್ಜಿಯ ಮನೆ ಯಾವ ಓಣಿಯಲ್ಲಿದೆ, ಆಕೆ ಎದ್ದು ನಡೆಯಬಲ್ಲಳೇ, ಮನೆಯ ಮುಂದೆ ವಾಹನ ನಿಲ್ಲುತ್ತದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ಮತಪೆಟ್ಟಿಗೆ ಮುಚ್ಚಿದ ಕೂಡಲೇ ಅದೇ ಸರ್ಕಾರಕ್ಕೆ ಆ ವಿಳಾಸ ಮರೆತುಹೋಗುತ್ತದೆ. ಅಜ್ಜಿಗೆ ಮತ ಹಾಕುವ ಅಗತ್ಯ ಬರುವುದು ಅಪರೂಪಕ್ಕೆ. ಆಸ್ಪತ್ರೆಗೆ, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ಪಕ್ಕದೂರಿನ ಮಗಳ ಮನೆಗೆ ಹೋಗುವ ಅಗತ್ಯ ತಿಂಗಳು ತಿಂಗಳೂ ಬರುತ್ತದೆ. ಆಗ ಆಕೆಯ ಬಾಗಿಲಿಗೆ ಯಾವ ವಾಹನವೂ ಬರುವುದಿಲ್ಲ.

ನನ್ನ ವಾದ ಇಷ್ಟೇ. ಹಳ್ಳಿಯ ಮುದುಕರ ಮತ್ತು ಅಂಗವಿಕಲರ ಪ್ರಯಾಣವನ್ನು ನಮ್ಮ ಸರ್ಕಾರಗಳು ಮೊದಲಿನಿಂದಲೂ ಟಿಕೇಟಿನ ದರದ ಪ್ರಶ್ನೆಯಾಗಿ ನೋಡುತ್ತ ಬಂದಿವೆ. ಅದು ನಿಜವಾಗಿ ವಾಹನದ ಪ್ರಶ್ನೆ. ರಿಯಾಯಿತಿಯನ್ನು ಸೇವೆಯೆಂದು ಕರೆಯುವ ಈ ರೂಢಿಯನ್ನು ನಾವು ಒಪ್ಪಿಕೊಂಡಿರುವವರೆಗೆ ಲಕ್ಷಾಂತರ ಜನ ತಮ್ಮ ಮನೆಯ ಕಟ್ಟೆಯ ಮೇಲೆಯೇ ಕೊನೆಯ ವರ್ಷಗಳನ್ನು ಕಳೆಯುತ್ತಾರೆ.

ಎಷ್ಟು ಜನ ಎಂದು ಕೇಳುವವರಿಗೆ 2011ರ ಜನಗಣತಿಯ ಲೆಕ್ಕ ಇದೆ. ಆಗ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅವರಲ್ಲಿ ಹತ್ತಕ್ಕೆ ಏಳು ಮಂದಿ ಹಳ್ಳಿಗಳಲ್ಲಿದ್ದರು. ಅಂಗವಿಕಲರೆಂದು ಎಣಿಕೆಯಾದವರು 2.68 ಕೋಟಿ, ಅವರಲ್ಲಿ 1.86 ಕೋಟಿ ಹಳ್ಳಿಯವರು. ಕರ್ನಾಟಕದ ಪಾಲು 13 ಲಕ್ಷಕ್ಕೂ ಮಿಗಿಲು. ಆ ಗಣತಿ ಎಂಟು ಬಗೆಯ ವೈಕಲ್ಯಗಳನ್ನಷ್ಟೇ ಎಣಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಅಂದರೆ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದು. ಹೀಗಿದ್ದೂ ಇಳಿಜಾರು ಹಲಗೆಯುಳ್ಳ ಬಸ್ಸು, ಕೆಳಮಟ್ಟದ ಬಸ್ಸು ಎಂಬ ಮಾತೆಲ್ಲ ಹುಟ್ಟುವುದೂ ಮುಗಿಯುವುದೂ ನಗರದಲ್ಲೇ.

ನಾನು ಕೆಲಸ ಮಾಡುವ ದೆಹಲಿಯಲ್ಲಿ ನೆಲದಿಂದ 400 ಮಿಲಿಮೀಟರ್ ಎತ್ತರದ ಬಸ್ಸುಗಳು ಓಡಾಡಿ ದಶಕ ದಾಟಿದೆ. ಚೆನ್ನೈಯ ರಸ್ತೆಗಳಿಗೆ ಅಂಥ ಬಸ್ಸುಗಳು 2024ರಲ್ಲಿ ಮರಳಿ ಬಂದವು. ಅದಕ್ಕೂ ಮೊದಲು ಅಂಗವಿಕಲರ ಪರವಾಗಿ ಹೋರಾಡುವವರು ಮದ್ರಾಸ್ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಗರದಲ್ಲಿ ಕೇಳುವವರಿದ್ದಾರೆ, ವಕೀಲರಿದ್ದಾರೆ, ಪತ್ರಿಕೆಗಳಿವೆ. ಹಳ್ಳಿಯ ಬಸ್ಸಿನ ಮೊದಲ ಮೆಟ್ಟಿಲು ಇಂದಿಗೂ ಮುದುಕಿಯ ಮೊಣಕಾಲಿನ ಎತ್ತರಕ್ಕೇ ಇದೆ. ಮಳೆಗಾಲದಲ್ಲಿ ರಸ್ತೆಯ ಅಂಚು ಕುಸಿದಿದ್ದರೆ ಇನ್ನೂ ಒಂದು ಗೇಣು ಮೇಲೆ. ಅದರ ಬಗ್ಗೆ ಯಾರೂ ಮೊಕದ್ದಮೆ ಹೂಡಿದ್ದು ನನಗೆ ಕಂಡಿಲ್ಲ.

ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ನನ್ನ ದೊಡ್ಡವ್ವ ಇದ್ದಾಳೆ. ವಯಸ್ಸು 78. ಮೂರು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಬಸ್ಸು ನಿಲ್ಲುವುದು ಊರಿಂದ ಸುಮಾರು ಎರಡು ಕಿಲೋಮೀಟರ್ ದೂರದ ಕ್ರಾಸಿನಲ್ಲಿ. ಊರೊಳಗೆ ಬರುತ್ತಿದ್ದ ವಸ್ತಿ ಬಸ್ಸು ನಿಂತು ಬಹಳ ಕಾಲವಾಯಿತು. ಆಕೆಯ ಬಳಿ ಆಧಾರ್ ಕಾರ್ಡ್ ಇದೆ; ಶಕ್ತಿ ಯೋಜನೆಯಡಿ ಬೀದರಿನಿಂದ ಚಾಮರಾಜನಗರದವರೆಗೆ ಒಂದು ಪೈಸೆ ಕೊಡದೆ ಹೋಗಿಬರುವ ಹಕ್ಕಿದೆ. ಕಳೆದ ವರ್ಷ ನಾನು ಹೋದಾಗ ಈ ವಿಷಯ ಮಾತಿಗೆ ಬಂತು. “ಬಸ್ಸು ಪುಕ್ಕಟೆ ಐತೆಪ್ಪಾ, ಖರೆ. ಆದ್ರ ಹತ್ತೂ ಕಾಲು ನಂದು ಪುಕ್ಕಟೆ ಬರೂದಿಲ್ಲಲ್ಲ” ಅಂದಳು. ಕಣ್ಣಿನ ಪೊರೆಯ ಚಿಕಿತ್ಸೆಗೆ ತಾಲ್ಲೂಕಿಗೆ ಹೋಗಿಬರಲು ಬಾಡಿಗೆ ಕಾರಿಗೆ 900 ರೂಪಾಯಿ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಕೆಗೆ ತಿಂಗಳಿಗೆ ಬರುವುದು 1200. ಕಣ್ಣಿಗೆ ಒಮ್ಮೆ ಹೋಗಿಬಂದರೆ ಆ ತಿಂಗಳ ಪಿಂಚಣಿಯಲ್ಲಿ ಮುಕ್ಕಾಲು ಪಾಲು ಮುಗಿಯಿತು.

ಶಕ್ತಿ ಯೋಜನೆಯನ್ನು ನಾನು ಟೀಕಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಈ ಯೋಜನೆ ಕರ್ನಾಟಕದ ಹೆಣ್ಣುಮಕ್ಕಳ ಓಡಾಟವನ್ನೇ ಬದಲಿಸಿದೆ. ಕೂಲಿಗೆ, ಕಾಲೇಜಿಗೆ, ತವರಿಗೆ, ದೇವಸ್ಥಾನಕ್ಕೆ ಹೋಗುವವರನ್ನು ಮೂದಲಿಸುವ ಗಂಡಸರ ಕುಹಕಕ್ಕೆ ನನ್ನ ಬೆಂಬಲವಿಲ್ಲ. ಆದರೆ ಆ ಯೋಜನೆ ಫಲ ಕೊಡುವುದು ಬಸ್ಸು ಬರುವ ಊರಿನಲ್ಲಿ, ಬಸ್ಸು ಹತ್ತಬಲ್ಲವರಿಗೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಕರಾವಳಿಯ ಮತ್ತು ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಅದು ಕನ್ನಡಿಯೊಳಗಿನ ಗಂಟು. ಹಾಗೆಯೇ 60 ದಾಟಿದ ಗಂಡಸಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಇದೆ. ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಇದೆ. ಇವೆಲ್ಲ ಬಸ್ಸಿನ ಒಳಗೆ ಬಂದು ನಿಂತವನಿಗೆ ಸಿಗುವ ಸೌಲಭ್ಯಗಳು. ಹೊರಗೆ ಉಳಿದವನಿಗೆ ಇವುಗಳಿಂದ ಆಗುವುದೇನೂ ಇಲ್ಲ.

ರಿಯಾಯಿತಿಗೆ ಇನ್ನೊಂದು ದೋಷವಿದೆ. ಅದು ಕೊಡುವವರ ಮರ್ಜಿಗೆ ಬಿದ್ದದ್ದು. ರೈಲಿನಲ್ಲಿ ಹಿರಿಯ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿಯನ್ನು ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 20ರಿಂದ, ನಿಲ್ಲಿಸಲಾಯಿತು. ಸೋಂಕು ಹೋಯಿತು, ರೈಲುಗಳು ತುಂಬಿ ಓಡತೊಡಗಿದವು, ರಿಯಾಯಿತಿ ಮಾತ್ರ ಮರಳಲಿಲ್ಲ. ಮುದುಕರ ಸಂಘಗಳು ಮನವಿ ಕೊಡುತ್ತಲೇ ಇವೆ. ದಯೆಯಾಗಿ ಬಂದದ್ದು ಹೀಗೆ ಒಂದು ಸುತ್ತೋಲೆಯಲ್ಲಿ ಹೊರಟುಹೋಗುತ್ತದೆ. ಹಕ್ಕಾಗಿ ಬಂದದ್ದನ್ನು ಕಸಿಯಲು ಅಷ್ಟು ಸುಲಭವಲ್ಲ.

ಹಕ್ಕು ಕಾಗದದ ಮೇಲೆ ಇದೆ ಎಂಬುದೇ ಇಲ್ಲಿಯ ವಿಪರ್ಯಾಸ. 1995ರ ಅಂಗವಿಕಲರ ಕಾಯಿದೆಯ 44ನೆಯ ಕಲಮು ಸಾರಿಗೆ ಸಂಸ್ಥೆಗಳು ತಮ್ಮ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಕ್ರಮ ಕೈಗೊಳ್ಳಬೇಕು ಎಂದಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯಿದೆಯ 41ನೆಯ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ಎಲ್ಲ ಬಗೆಯ ವಾಹನ, ರಸ್ತೆ ಎಲ್ಲವೂ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಹಳೆಯ ವಾಹನಗಳನ್ನು ಮಾರ್ಪಡಿಸುವ ಮಾತಿಗೆ ಬಂದಾಗ ಮಾತ್ರ ತಾಂತ್ರಿಕವಾಗಿ ಸಾಧ್ಯವಿದ್ದರೆ, ಆರ್ಥಿಕವಾಗಿ ತಾಳುವಂತಿದ್ದರೆ ಎಂಬ ಷರತ್ತುಗಳನ್ನು ಜೋಡಿಸುತ್ತದೆ. ಕಡತಗಳ ನಡುವೆಯೇ ಇಪ್ಪತ್ತು ವರ್ಷ ಕಳೆದ ನನ್ನಂಥವನಿಗೆ ಈ ಬಗೆಯ ವಾಕ್ಯದ ಮಹಿಮೆ ಚೆನ್ನಾಗಿ ಗೊತ್ತು. ‘ಸಾಧ್ಯವಿದ್ದರೆ’ ಎಂಬ ಪದ ಕಡತದಲ್ಲಿ ಬಂದರೆ, ಅದು ಮುಂದೆ ಹೋಗದಿರಲು ಬೇರೆ ಕಾರಣ ಬೇಕಿಲ್ಲ.

ಈ ಜಾಣತನವನ್ನು ಸರ್ವೋಚ್ಚ ನ್ಯಾಯಾಲಯ ಗುರುತಿಸಿದೆ. ಅಂಧರಾದ ರಾಜೀವ್ ರತೂರಿ 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ನ್ಯಾಯಾಲಯ 2017ರಲ್ಲಿ ವಿವರವಾದ ನಿರ್ದೇಶನಗಳನ್ನು ಕೊಟ್ಟಿತು. ಅವು ಬಹುಮಟ್ಟಿಗೆ ಪಾಲನೆಯಾಗದಿದ್ದಾಗ ವಿಷಯ ಮತ್ತೆ ಅದರ ಮುಂದೆ ಬಂತು. 2024ರ ನವೆಂಬರ್ 8ರ ತೀರ್ಪಿನಲ್ಲಿ ನ್ಯಾಯಾಲಯ, ಎಟುಕುವಿಕೆಯ ಮಾನದಂಡಗಳನ್ನು ಬರಿಯ ಮಾರ್ಗಸೂಚಿಗಳಾಗಿಸಿದ್ದ ನಿಯಮ ಮೂಲ ಕಾಯಿದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಸಲಹೆ ಬೇರೆ, ಕಟ್ಟಳೆ ಬೇರೆ ಎಂಬ ಸರಳ ಸತ್ಯವನ್ನು ಹೇಳಿಸಿಕೊಳ್ಳಲು ನಮಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ಅದಕ್ಕೂ ಹಳೆಯದಾದ ಇನ್ನೊಂದು ತೀರ್ಪನ್ನು ನೆನಪಿಸಬೇಕು. 1986ರಲ್ಲಿ, ಹಿಮಾಚಲ ಪ್ರದೇಶದ ಉಮೇದ್ ರಾಮ್ ಶರ್ಮಾ ಪ್ರಕರಣದಲ್ಲಿ, ಗುಡ್ಡಗಾಡಿನ ಜನರಿಗೆ ರಸ್ತೆಯೆಂದರೆ ಬದುಕಿಗೇ ದಾರಿ, ಆದ್ದರಿಂದ ಅದು ಜೀವಿಸುವ ಹಕ್ಕಿನ ಭಾಗ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ದೇಶದ ಲಕ್ಷಾಂತರ ಕಿಲೋಮೀಟರ್ ಹಳ್ಳಿ ರಸ್ತೆಗಳಿಗೆ ಡಾಂಬರು ಹಾಕಿತು. ರಸ್ತೆ ಬಂತು. ಆ ರಸ್ತೆಯ ಮೇಲೆ ಮೋಟಾರ್ ಸೈಕಲ್ ಉಳ್ಳವನು ಹೋಗುತ್ತಾನೆ, ಟ್ರ್ಯಾಕ್ಟರ್ ಉಳ್ಳವನು ಹೋಗುತ್ತಾನೆ. ಎರಡೂ ಇಲ್ಲದ, ಎರಡನ್ನೂ ಹತ್ತಲಾರದ ಮನುಷ್ಯನಿಗೆ ಹೊಸ ರಸ್ತೆ ನೋಡಲು ಮಾತ್ರ. ಬದುಕಿಗೆ ದಾರಿ ಎಂಬ ಮಾತು ಅವನ ಪಾಲಿಗೆ ನಿಜವಾಗಬೇಕಾದರೆ ದಾರಿಯ ಮೇಲೆ ಅವನು ಹತ್ತಬಲ್ಲ ಒಂದು ವಾಹನ ಬರಬೇಕು.

ಈ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಬೇಡಿಕೆಯೇ ಇಲ್ಲ ಎಂಬುದು. ಈ ಮಾರ್ಗದಲ್ಲಿ ಗಾಲಿಕುರ್ಚಿಯವರು ಯಾರೂ ಬರುವುದಿಲ್ಲ, ಮುದುಕರು ಅಪರೂಪ, ಸುಮ್ಮನೆ ಯಾಕೆ ಖರ್ಚು ಎನ್ನುತ್ತಾರೆ. ಸೇತುವೆ ಇಲ್ಲದ ಹೊಳೆಯ ದಂಡೆಯಲ್ಲಿ ನಿಂತು, ಯಾರೂ ದಾಟುತ್ತಿಲ್ಲವಲ್ಲ, ಸೇತುವೆ ಯಾಕೆ ಎಂದು ಕೇಳಿದ ಹಾಗಾಯಿತು. ಹತ್ತಲಾಗದ ಬಸ್ಸಿಗೆ ಕಾಯಲು ಯಾರು ಬರುತ್ತಾರೆ? ಎರಡು ಸಲ ಪ್ರಯತ್ನಿಸಿ, ಜನರ ಮುಂದೆ ಎತ್ತಿಸಿಕೊಂಡು, ಮೂರನೆಯ ಸಲ ಮನೆಯಲ್ಲೇ ಉಳಿದವರ ಲೆಕ್ಕ ಯಾವ ಡಿಪೋದ ದಾಖಲೆಯಲ್ಲೂ ಇರುವುದಿಲ್ಲ. ಅವರ ಗೈರುಹಾಜರಿಯನ್ನು ಸೃಷ್ಟಿಸಿದವರೇ ಅದನ್ನು ಸಾಕ್ಷ್ಯವಾಗಿ ಬಳಸುವುದು ನ್ಯಾಯವಲ್ಲ.

ಎರಡನೆಯದು, ಇದು ಮನೆಯವರ ಕರ್ತವ್ಯ ಎಂಬುದು. ತಂದೆತಾಯಿಯರನ್ನು ಹೊತ್ತು ತೀರ್ಥಯಾತ್ರೆ ಮಾಡಿಸಿದ ಶ್ರವಣಕುಮಾರನ ಕಥೆಯನ್ನು ಆಗ ಎತ್ತಿಕೊಳ್ಳುತ್ತಾರೆ. ಶ್ರವಣನ ಹೆಗಲ ಮೇಲಿನ ಅಡ್ಡೆಯನ್ನು ನಾವು ಭಕ್ತಿಯ ಗುರುತಾಗಿ ಕಂಡೆವು. ಆ ನಾಡಿನಲ್ಲಿ ಇಬ್ಬರು ಕುರುಡು ವೃದ್ಧರು ಪ್ರಯಾಣ ಮಾಡಲು ಮಗನ ಹೆಗಲಲ್ಲದೆ ಬೇರೆ ದಾರಿಯಿರಲಿಲ್ಲ ಎಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಮಕ್ಕಳಿಲ್ಲದವರು ಏನು ಮಾಡಬೇಕು? ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದರೆ ಏನು ಮಾಡಬೇಕು? ಊರಲ್ಲೇ ಇರುವ ಮಗ ದಿನಗೂಲಿಯವನಾಗಿದ್ದರೆ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ದಿನ ಅವನ ಕೂಲಿ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುತ್ತದೆ, ಅದು ದೊಡ್ಡ ಉಪಕಾರ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಯಂತ್ರಕ್ಕೆ ದುಡ್ಡಿಲ್ಲ, ಯಂತ್ರದ ತನಕ ಹೋಗಲು ದುಡ್ಡು. 2008ರಿಂದ ಓಡುತ್ತಿರುವ 108 ಆಂಬುಲೆನ್ಸು ತುರ್ತಿಗೆ ಮಾತ್ರ. ಅದು ಸರಿಯೂ ಹೌದು. ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಮನೆಗೆ ಮುಟ್ಟಿಸುವ ‘ನಗು-ಮಗು’ ವಾಹನವನ್ನು ಇದೇ ಸರ್ಕಾರ ಕಲ್ಪಿಸಿಕೊಂಡಿತು. ಮರಳಿ ಹೋಗುವ ಪ್ರಯಾಣವೂ ಚಿಕಿತ್ಸೆಯ ಭಾಗ ಎಂಬುದು ಬಾಣಂತಿಯ ವಿಷಯದಲ್ಲಿ ಹೊಳೆದದ್ದು ಮೂತ್ರಪಿಂಡ ಸೋತ ಮುದುಕನ ವಿಷಯದಲ್ಲಿ ಯಾಕೆ ಹೊಳೆಯುವುದಿಲ್ಲ?

ಮೂರನೆಯದು ಹೊಸ ಕಾಲದ ಆಕ್ಷೇಪಣೆ. ಈಗ ಎಲ್ಲವೂ ಮನೆಬಾಗಿಲಿಗೆ ಬರುತ್ತದೆ, ಹೊರಗೆ ಹೋಗಬೇಕಾದದ್ದೇನಿದೆ ಎಂದು ಕೇಳುತ್ತಾರೆ. ಪಿಂಚಣಿಯನ್ನು ಅಂಚೆಯವನು ತರುತ್ತಾನೆ, ವೈದ್ಯರು ಮೊಬೈಲಿನಲ್ಲಿ ಸಿಗುತ್ತಾರೆ, ಆರೋಗ್ಯ ಕಾರ್ಯಕರ್ತೆ ಮನೆಗೇ ಬಂದು ರಕ್ತದೊತ್ತಡ ನೋಡುತ್ತಾಳೆ. ಇವೆಲ್ಲ ಬೇಕು. ಆದರೆ ಇದನ್ನೇ ಪೂರ್ಣ ಉತ್ತರವೆಂದು ಒಪ್ಪಿದರೆ ಗೃಹಬಂಧನಕ್ಕೆ ಸೌಲಭ್ಯದ ಹೆಸರು ಕೊಟ್ಟಂತಾಗುತ್ತದೆ. ಇ. ಎಂ. ಫಾರ್ಸ್ಟರ್ 1909ರಲ್ಲಿ ‘ದಿ ಮೆಷಿನ್ ಸ್ಟಾಪ್ಸ್’ ಎಂಬ ಕಥೆ ಬರೆದ. ಅದರಲ್ಲಿ ಮನುಷ್ಯರೆಲ್ಲ ನೆಲದಡಿಯ ಒಂದೊಂದು ಕೋಣೆಯಲ್ಲಿ ಕೂತಿದ್ದಾರೆ. ಗುಂಡಿ ಒತ್ತಿದರೆ ಬೇಕಾದದ್ದೆಲ್ಲ ಬರುತ್ತದೆ. ಕೋಣೆ ಬಿಟ್ಟು ಹೊರಡುವುದೇ ಅಸಹ್ಯವೆನಿಸಿಬಿಟ್ಟಿದೆ. ಫಾರ್ಸ್ಟರನಿಗೆ ಅದು ದುಃಸ್ವಪ್ನ. ನಮ್ಮ ಯೋಜನಾಕಾರರಿಗೆ ಅದು ಮುದುಕರ ಕಲ್ಯಾಣ. ಮನುಷ್ಯ ಹೊರಗೆ ಹೋಗುವುದು ಔಷಧಿಗೆ ಮಾತ್ರವಲ್ಲ. ಸಂತೆಯಲ್ಲಿ ನಾಲ್ಕು ಜನರ ಮುಖ ನೋಡಲು, ಮೊಮ್ಮಗಳ ಸೀಮಂತಕ್ಕೆ, ಜಾತ್ರೆಯ ತೇರಿಗೆ, ಅರವತ್ತು ವರ್ಷ ಒಡನಾಡಿದ ಗೆಳತಿ ತೀರಿಕೊಂಡಾಗ ಕೊನೆಯ ಸಲ ಮುಖ ನೋಡಲು ಹೋಗುತ್ತಾನೆ. ಇವುಗಳನ್ನು ಯಾವ ಅಂಚೆಯವನೂ ಮನೆಗೆ ತಂದು ಕೊಡಲಾರ.

ನಾಲ್ಕನೆಯದು, ಹಣವೆಲ್ಲಿದೆ ಎಂಬುದು. ಇದಕ್ಕೆ ಉತ್ತರ ಹೇಳುವ ಮೊದಲು ನನ್ನದೇ ವರ್ಗದ ಒಂದು ಸೌಲಭ್ಯವನ್ನು ಇಲ್ಲಿಡುತ್ತೇನೆ. ಕೇಂದ್ರ ಸರ್ಕಾರದ ಅಂಗವಿಕಲ ನೌಕರರಿಗೆ ಸಾರಿಗೆ ಭತ್ಯೆ ಉಳಿದವರಿಗಿಂತ ದುಪ್ಪಟ್ಟು. ಅಂಗವಿಕಲನಿಗೆ ಅದೇ ದೂರ ಕ್ರಮಿಸಲು ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಸರ್ಕಾರ ತನ್ನ ನೌಕರನ ವಿಷಯದಲ್ಲಿ ಒಪ್ಪಿಕೊಂಡು ಲೆಕ್ಕ ಬರೆದಿಟ್ಟಿದೆ. ಅದೇ ಕೇಂದ್ರ ಸರ್ಕಾರ ಬಡ ವೃದ್ಧರಿಗೆ ಕೊಡುವ ರಾಷ್ಟ್ರೀಯ ಪಿಂಚಣಿಯಲ್ಲಿ ತನ್ನ ಪಾಲೆಂದು ನೀಡುವುದು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200 ರೂಪಾಯಿ, ತೀವ್ರ ಅಂಗವಿಕಲರಿಗೆ 300. ತತ್ವ ಗೊತ್ತಿಲ್ಲದ್ದಲ್ಲ. ಅದನ್ನು ಕಚೇರಿಯ ಬಾಗಿಲಿನಿಂದಾಚೆಗೆ ಅನ್ವಯಿಸುವ ಮನಸ್ಸಿಲ್ಲ.

ಇನ್ನು ವಾಹನದ ಮಾತು. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಿವೆ. ಅವುಗಳಿಗೆ ಕಸ ಸಾಗಿಸಲು ‘ಸ್ವಚ್ಛ ವಾಹಿನಿ’ ಎಂಬ ಗಾಡಿಗಳು ಬಂದಿವೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತರಬೇತಿ ಪಡೆದು ಅವನ್ನು ಓಡಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ, ನಾನು ಅವರನ್ನು ಗೌರವದಿಂದ ನೋಡುತ್ತೇನೆ. ಆದರೆ ಮನೆಮನೆಯ ಮುಂದೆ ನಿಂತು ಕಸವನ್ನು ಹತ್ತಿಸಿಕೊಂಡು ಹೋಗುವ ಗಾಡಿ ಪಂಚಾಯತಿಗೆ ದಕ್ಕುವುದಾದರೆ, ಅದೇ ಮನೆಯ ಮುಂದೆ ಕುಳಿತ ಮನುಷ್ಯನನ್ನು ಹತ್ತಿಸಿಕೊಂಡು ಹೋಗುವ ಗಾಡಿ ಯಾಕೆ ದಕ್ಕುವುದಿಲ್ಲ ಎಂದು ಕೇಳಲೇಬೇಕು. ವಾಹನ ಕೊಳ್ಳಬಹುದು ಎಂಬುದೂ, ಚಾಲಕಿಯರನ್ನು ಸಿದ್ಧಪಡಿಸಬಹುದು ಎಂಬುದೂ, ಮನೆಬಾಗಿಲಿಗೆ ದಿನವೂ ಹೋಗಬಹುದು ಎಂಬುದೂ ಸಾಬೀತಾಗಿದೆ.

ಪಂಚಾಯತಿಯಲ್ಲಿ ಬೇರೆ ಸಲಕರಣೆಗಳೂ ಇವೆ. ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಅಂಗವಿಕಲರ ಮನೆಗಳನ್ನು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಯಾರಿಗೆ ಯಾವ ದಿನ ಎಲ್ಲಿಗೆ ಹೋಗಬೇಕಿದೆ ಎಂಬ ಪಟ್ಟಿ ಮಾಡಲು ಅವರಿಗಿಂತ ತಕ್ಕವರಿಲ್ಲ. ಕಾನೂನಿನ ಅಡ್ಡಿಯನ್ನು ಮುಂದೊಡ್ಡುವವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯನ್ನು ತೋರಿಸಬೇಕು. ಗ್ರಾಮೀಣ ಸಾರಿಗೆಗಾಗಿ, ಊರಿನ ಕೊನೆಯ ಮನೆಯ ತನಕ ಮುಟ್ಟುವ ಸಾರಿಗೆಗಾಗಿ ರಾಜ್ಯ ಸರ್ಕಾರ ಪ್ರತ್ಯೇಕ ಯೋಜನೆ ಮಾಡಿ ಪರವಾನಗಿ ಕೊಡಬಹುದೆಂದು 67ನೆಯ ಕಲಮು ಈಗ ಹೇಳುತ್ತದೆ. ಇಂದು ಹಳ್ಳಿಗಳಲ್ಲಿ ನಿಯಮ ಮೀರಿ ಜನರನ್ನು ತುಂಬಿಕೊಂಡು ಓಡುವ ಟ್ರ್ಯಾಕ್ಸು, ಟಂಟಂಗಳೇ ಮುದುಕರ ಆಸರೆ. ಅವರ ಮೇಲೆ ದಂಡ ಹಾಕುವುದರಲ್ಲಿ ತೋರುವ ಉತ್ಸಾಹವನ್ನು, ಅವರಲ್ಲಿ ಕೆಲವರನ್ನಾದರೂ ಸಕ್ರಮ ಸೇವೆಗೆ ಸೇರಿಸಿಕೊಳ್ಳುವುದರಲ್ಲಿ ಯಾರೂ ತೋರುತ್ತಿಲ್ಲ.

ಪಕ್ಕದ ಕೇರಳ 2022ರ ಜುಲೈನಲ್ಲಿ ‘ಗ್ರಾಮವಂಡಿ’ ಎಂಬ ಯೋಜನೆ ಆರಂಭಿಸಿತು. ಬಸ್ಸು ಮತ್ತು ಸಿಬ್ಬಂದಿ ರಾಜ್ಯ ಸಾರಿಗೆ ನಿಗಮದ್ದು. ಡೀಸೆಲ್ ಖರ್ಚು ಪಂಚಾಯತಿಯದ್ದು. ಎಲ್ಲಿ, ಯಾವಾಗ ಓಡಬೇಕೆಂಬುದರಲ್ಲಿ ಪಂಚಾಯತಿಯ ಮಾತಿಗೆ ಬೆಲೆ. ಗಾಲಿಕುರ್ಚಿಯ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲ. ಆದರೂ ಬಸ್ಸು ಎಲ್ಲಿಗೆ ಬರಬೇಕೆಂಬುದನ್ನು ಡಿಪೋದ ಆದಾಯದ ಪಟ್ಟಿಯೊಂದೇ ತೀರ್ಮಾನಿಸಬೇಕಾಗಿಲ್ಲ ಎಂಬುದನ್ನು ಅದು ತೋರಿಸಿದೆ. ಬ್ರಿಟನ್ನಿನಲ್ಲಿ 1985ರ ಸಾರಿಗೆ ಕಾಯಿದೆ ಬಸ್ಸುಗಳನ್ನು ಖಾಸಗಿ ಪೈಪೋಟಿಗೆ ಬಿಟ್ಟಿತು. ಅದೇ ಕಾಯಿದೆ ಲಾಭದಾಸೆಯಿಲ್ಲದ ಸಂಘಗಳು ಸಮುದಾಯದ ವಾಹನ ಓಡಿಸಲು 19 ಮತ್ತು 22ನೆಯ ಕಲಮುಗಳಲ್ಲಿ ಸರಳ ಪರವಾನಗಿಯ ದಾರಿಯನ್ನೂ ಇಟ್ಟಿತು. ಅಲ್ಲಿನ ಹಳ್ಳಿಗಳಲ್ಲಿ ಮುದುಕರು ಹಿಂದಿನ ದಿನ ಫೋನು ಮಾಡಿದರೆ ಪುಟ್ಟ ಬಸ್ಸು ಮನೆಗೆ ಬರುತ್ತದೆ; ಓಡಿಸುವವರಲ್ಲಿ ಅನೇಕರು ಸ್ವಯಂಸೇವಕರು. ಲಾಭದ ಮಾರುಕಟ್ಟೆ ಈ ಜನರನ್ನು ಮುಟ್ಟುವುದಿಲ್ಲ ಎಂಬುದನ್ನು ಪೈಪೋಟಿಯನ್ನು ಪೂಜಿಸಿದ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು.

ಹಾಗಾದರೆ ಕೇಳಬೇಕಾದದ್ದು ಏನು? ಪ್ರತಿ ಪಂಚಾಯತಿಗೆ ಆಗದಿದ್ದರೆ ಹೋಬಳಿಗೊಂದು ವಾಹನ. ಅದರಲ್ಲಿ ಗಾಲಿಕುರ್ಚಿ ಏರುವ ಇಳಿಜಾರು ಹಲಗೆ, ಹಿಡಿದುಕೊಳ್ಳಲು ಸರಳು, ಜೊತೆಗೆ ಬರುವವರಿಗೆ ಒಂದು ಆಸನ. ಒಂದು ಫೋನ್ ಸಂಖ್ಯೆ, ಆ್ಯಪ್ ಕಡ್ಡಾಯವಾಗಬಾರದು. ವಾರದಲ್ಲಿ ಗೊತ್ತಾದ ದಿನ ತಾಲ್ಲೂಕು ಆಸ್ಪತ್ರೆಗೆ, ಸಂತೆಯ ದಿನ ಸಂತೆಗೆ. ಎಲ್ಲಿಗೆ, ಯಾಕೆ ಎಂದು ವಿಚಾರಣೆ ಮಾಡುವಂತಿಲ್ಲ; ಡಯಾಲಿಸಿಸ್‌ಗೆ ಹೋಗುವವನಷ್ಟೇ ಹಕ್ಕು ತೇರು ನೋಡಲು ಹೋಗುವವಳಿಗೂ ಇರಬೇಕು. ಖರ್ಚಿನಲ್ಲಿ ರಾಜ್ಯ, ಸಾರಿಗೆ ನಿಗಮ, ಪಂಚಾಯತಿ ಮೂವರೂ ಪಾಲುದಾರರಾಗಲಿ. ಇದರ ಜೊತೆಗೆ, ಹೊಸದಾಗಿ ಕೊಳ್ಳುವ ಪ್ರತಿ ಗ್ರಾಮಾಂತರ ಬಸ್ಸಿನ ಮೊದಲ ಮೆಟ್ಟಿಲು ತಗ್ಗಿನಲ್ಲಿರಬೇಕೆಂಬ ಕಟ್ಟಳೆ. ಇದರಲ್ಲಿ ಯಾವುದೂ ಕನಸಿನ ಮಾತಲ್ಲ. ಪ್ರತಿಯೊಂದೂ ಎಲ್ಲೋ ಒಂದು ಕಡೆ ನಡೆಯುತ್ತಿರುವಂಥದ್ದೇ.

ಈಗ ನಮ್ಮ ಬಗ್ಗೆ, ಹೊರನಾಡ ಕನ್ನಡಿಗರ ಬಗ್ಗೆ, ಎರಡು ಮಾತು. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿರುವ ನಮಗೆ ಊರೆಂದರೆ ಫೋನಿನ ಆ ತುದಿಯ ಒಂದು ಮುದಿ ದನಿ. ಆಸ್ಪತ್ರೆಗೆ ಹೋಗಬೇಕು ಎಂದರೆ ನಾವು ಕಾರು ಮಾಡಿಸಿಕೊಂಡು ಹೋಗು, ದುಡ್ಡು ಕಳಿಸುತ್ತೇನೆ ಎನ್ನುತ್ತೇವೆ. ಕಳಿಸಲೂ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಕಳಿಸಿದ ಪ್ರತಿ ಬಾಡಿಗೆಯೂ ಸರ್ಕಾರ ಮಾಡಬೇಕಾದ ಕೆಲಸಕ್ಕೆ ನಾವು ಸಲ್ಲಿಸುವ ಗುಪ್ತ ತೆರಿಗೆ. ಮಕ್ಕಳು ಹೊರಗೆ ದುಡಿಯುವ ಮನೆಯ ಕೊರಗು ಹೀಗೆ ಅಡಗಿಹೋಗುತ್ತದೆ. ಅದೇ ಓಣಿಯಲ್ಲಿ ಕಳಿಸುವವರಿಲ್ಲದ ಮನೆಯ ಕೊರಗು ಯಾರ ಕಿವಿಗೂ ಬೀಳುವುದಿಲ್ಲ. ಊರಿನಲ್ಲಿ ಮಾತು ಬಲ್ಲವರು, ಅರ್ಜಿ ಬರೆಯಬಲ್ಲವರು ತಮ್ಮ ತಮ್ಮ ಪಾಡನ್ನು ಖಾಸಗಿಯಾಗಿ ಪರಿಹರಿಸಿಕೊಂಡಾಗ ಸಾರ್ವಜನಿಕ ಬೇಡಿಕೆ ಸತ್ತುಹೋಗುತ್ತದೆ. ಸರ್ಕಾರಿ ಶಾಲೆಗಳಿಗೆ ಆದದ್ದು ಇದೇ.

ನಮ್ಮ ಸಂಘಗಳು ರಾಜ್ಯೋತ್ಸವದಂದು ಊರ ಕಡೆಯ ಅಂಗವಿಕಲರಿಗೆ ಗಾಲಿಕುರ್ಚಿ, ತ್ರಿಚಕ್ರ ಸೈಕಲ್ಲು ಹಂಚುತ್ತವೆ. ಶಾಲು, ಹಾರ, ಫೋಟೋ ಎಲ್ಲ ಆಗುತ್ತದೆ. ಕೊಟ್ಟವರ ಮನಸ್ಸು ಒಳ್ಳೆಯದು. ಆದರೆ ಗಾಲಿಕುರ್ಚಿ ಪಡೆದವನು ಅದನ್ನು ಯಾವ ಬಸ್ಸಿಗೆ ಹತ್ತಿಸಬೇಕು ಎಂದು ಆ ವೇದಿಕೆಯ ಮೇಲೆ ಕೇಳಿದವರು ಕಡಿಮೆ. ಪದಗಳ ಬಗ್ಗೆ ನಮಗೆ ಬಹಳ ಕಾಳಜಿ. ಅಂಗವಿಕಲ ಎಂಬುದು ಹೋಗಿ ವಿಕಲಚೇತನ ಬಂತು, ವಿಶೇಷಚೇತನ ಬಂತು, ಹಿಂದಿಯಿಂದ ದಿವ್ಯಾಂಗ ಬಂತು. ಯಾವುದು ಹೆಚ್ಚು ಗೌರವದ ಪದ ಎಂದು ನಾವು ಸಾಹಿತ್ಯ ಗೋಷ್ಠಿಗಳಲ್ಲಿ ಚರ್ಚಿಸಿದ್ದೇವೆ. ಹೆಸರು ಮೂರು ಸಲ ಬದಲಾದರೂ ಬಸ್ಸಿನ ಮೆಟ್ಟಿಲು ಒಂದು ಅಂಗುಲ ಕೆಳಗಿಳಿದಿಲ್ಲ. ಗೌರವ ನಿಘಂಟಿನಿಂದ ಬರುವುದಿಲ್ಲ. ತಾನು ಹೋಗಬೇಕೆಂದ ಕಡೆಗೆ ತಾನೇ ಹೋಗಬಲ್ಲ ಮನುಷ್ಯನಿಗೆ ಅದು ತಾನಾಗಿ ಬರುತ್ತದೆ.

ಆದ್ದರಿಂದ ಈ ಲೇಖನ ಓದಿದವರಲ್ಲಿ ಒಂದು ಬೇಡಿಕೆ. ನಿಮ್ಮ ನಿಮ್ಮ ಊರಿನ ಗ್ರಾಮ ಪಂಚಾಯತಿಗೆ ಒಂದು ಪತ್ರ ಬರೆಯಿರಿ. ಅಂಗವಿಕಲರಿಗೆ ಮೀಸಲಾದ ಶೇ. 5ರ ಹಣ ಕಳೆದ ಮೂರು ವರ್ಷಗಳಲ್ಲಿ ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿರಿ. ಊರಲ್ಲಿ ಬಸ್ಸು ಹತ್ತಲಾರದವರು ಎಷ್ಟು ಮಂದಿ ಎಂಬ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಬೇಕೆಂದು ಒತ್ತಾಯಿಸಿರಿ. ಬಾಡಿಗೆ ಕಾರಿಗೆ ದುಡ್ಡು ಕಳಿಸುವಾಗಲೆಲ್ಲ ಆ ಮೊತ್ತವನ್ನು ಒಂದು ಕಡೆ ಬರೆದಿಡಿ. ವರ್ಷದ ಕೊನೆಗೆ ಅದನ್ನು ನಿಮ್ಮ ಕ್ಷೇತ್ರದ ಶಾಸಕರಿಗೆ ಲೆಕ್ಕಪತ್ರವಾಗಿ ಕಳಿಸಿರಿ. ನಮ್ಮ ಸಂಘಗಳು ಮುಂದಿನ ನವೆಂಬರಿನಲ್ಲಿ ಹತ್ತು ಗಾಲಿಕುರ್ಚಿ ಹಂಚುವ ಬದಲು, ಒಂದು ಹೋಬಳಿಯ ಜೊತೆ ಸೇರಿ ಒಂದು ವಾಹನವನ್ನು ಒಂದು ವರ್ಷ ಓಡಿಸಿ, ಅದರ ಲೆಕ್ಕವನ್ನು ಸಾರಿಗೆ ಸಚಿವರ ಮುಂದಿಡಲಿ. ಬೇಡಿಕೆಯಿಲ್ಲ ಎನ್ನುವವರಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಇರಲಾರದು.